ಅಕ್ಕ ಮಾಡಿಕೊಂಡ ಕರಾರು

ಕಳೆದ ಜೂನಿನಲ್ಲಿ ಭಟ್ಕಳದಿಂದ ಕುಮಟಾಕ್ಕೆ ಬಸ್ಸಿನಲ್ಲಿ ಬರುತ್ತಿದ್ದೆ. ಹೊನ್ನಾವರದ ಹತ್ತಿರ ಶರಾವತಿ ಸೇತುವೆಯ ಮೇಲೆ ಯಾವುದೋ ಲಾರಿ ಕೆಟ್ಟು ನಿಂತು ನಮ್ಮ ಬಸ್ಸೂ ನಿಂತಿತು. ಮಳೆ ಆಗಷ್ಟೇ ಬಿದ್ದು ಹೋಗಿತ್ತು. ಕಿಟಕಿಯಿಂದ ಕೆಸರು ನೀರಿನ, ಒದ್ದೆ ಬಲೆಯ, ಡೀಸೆಲ್ಲಿನ ವಾಸನೆ ಒಟ್ಟಿಗೇ ಒಳಗೆ ಬಂತು. ಪಕ್ಕದಲ್ಲಿ ಕೂತ ಹೆಂಗಸು ಮೂಗಿಗೆ ಸೆರಗು ಹಿಡಿದು, ಕಿಟಕಿ ಎಳೆಯಲು ಹೇಳಿದಳು. ನಾನು ಎಳೆಯಲಿಲ್ಲ. ನನಗೆ ಮೊದಲೇ ಸಿಟ್ಟು ಬೇಗ, ಆದರೆ ಅದು ಸಿಟ್ಟಲ್ಲ. ಆ ವಾಸನೆ ಬಂದ ಕೂಡಲೇ ಇಪ್ಪತ್ತು ವರ್ಷದ ಹಿಂದಿನ ಒಂದು ಮಳೆಗಾಲ ಬಂದು ಎದೆಯ ಮೇಲೆ ಕೂತುಬಿಟ್ಟಿತ್ತು. ಕೈ ಎತ್ತುವುದಕ್ಕೇ ಆಗಲಿಲ್ಲ.

ಆ ಮಳೆಗಾಲದ ಕಥೆಯನ್ನು ನಾನು ಯಾರಿಗೂ ಪೂರ್ತಿ ಹೇಳಿದವಳಲ್ಲ. ಹೇಳಬೇಕಾದರೆ ನನ್ನ ಪದವಿಯಿಂದಲೇ ಶುರು ಮಾಡಬೇಕು, ಮತ್ತು ನನ್ನ ಪದವಿ ಎಂಥದೆಂದು ನಮ್ಮ ಕಡೆಯವರಿಗೆ ತಿಳಿಸಿ ಹೇಳುವುದರಲ್ಲಿ ನಾನು ಇವತ್ತಿಗೂ ಗೆದ್ದಿಲ್ಲ.

ನಾನು ಓದಿದ್ದು ದಕ್ಷಿಣದ ನಗರವೊಂದರಲ್ಲಿ, ಪಾದ್ರಿಗಳು ನಡೆಸುವ ವಿಶ್ವವಿದ್ಯಾಲಯದಲ್ಲಿ. ಮಾನವಿಕ ಶಾಸ್ತ್ರಗಳ ಆನರ್ಸ್. ಇತಿಹಾಸ, ಸಾಹಿತ್ಯ, ತತ್ತ್ವಶಾಸ್ತ್ರ, ಧರ್ಮ ಇವನ್ನೆಲ್ಲ ಬೇರೆ ಬೇರೆ ಕೋಣೆಯಲ್ಲಿ ಕಲಿಸದೆ ಒಂದೇ ಮೇಜಿಗೆ ತರುತ್ತಿದ್ದರು. ವರ್ಷಕ್ಕೆ ಒಂದೇ ಪ್ರಶ್ನೆ. ಮೊದಲ ವರ್ಷ ನ್ಯಾಯ ಎಂದರೇನು. ಎರಡನೆಯ ವರ್ಷ ನಗರ ಎಂದರೇನು. ಮೂರನೆಯ ವರ್ಷ ನಮ್ಮ ತಂಡಕ್ಕೆ ಬಂದ ಪ್ರಶ್ನೆ ಮರಣ. ಗ್ರೀಕರು ಏನೆಂದರು, ಉಪನಿಷತ್ತು ಏನೆನ್ನುತ್ತದೆ, ಪ್ಲೇಗು ಬಂದಾಗ ಊರುಗಳು ಹೆಣವನ್ನು ಏನು ಮಾಡಿದವು, ಎಲ್ಲ ಓದಿದೆವು. ತರಗತಿ ಮುಗಿದ ಮೇಲೆ ಮಳೆಗಾಲದಲ್ಲಿ ಊರಲ್ಲಿ ಕೂತು ಒಂದು ದೊಡ್ಡ ಪ್ರಬಂಧ ಬರೆಯಬೇಕು. ಆಗಸ್ಟ್ ಕೊನೆಗೆ ಹೋಗಿ ಎಲ್ಲ ಅಧ್ಯಾಪಕರ ಎದುರು ವೈವಾಕ್ಕೆ, ಬಾಯಿಮಾತಿನ ಪರೀಕ್ಷೆಗೆ, ಕೂರಬೇಕು. ವೈವಾ ತಪ್ಪಿತೋ, ಮೂರು ವರ್ಷವೂ ನೀರಿನಲ್ಲಿ ಹೋಮ ಮಾಡಿದ ಹಾಗೆ.

ಮಾವಿನಕುರ್ವೆಯ ಮೀನುಗಾರ ಕೇರಿಯ ಹುಡುಗಿ ಇಂಥ ಕಡೆ ಹೋಗಿ ಸೇರಿದ್ದು ಭಾವನಿಂದ. ಭಾವ ಮಂಜುನಾಥ ನಮ್ಮ ಮನೆಗೆ ಮನೆಅಳಿಯನಾಗಿ ಬಂದವನು. ಅಪ್ಪನಿಗೆ ಗಂಡುಮಕ್ಕಳಿಲ್ಲ, ಬೋಟಿನಲ್ಲಿ ಇನ್ನೆರಡು ಮನೆಯವರ ಜೊತೆ ಪಾಲಿತ್ತು. ಹಾಗಾಗಿ ಅಕ್ಕ ಸುಮಿತ್ರಳ ಗಂಡನೇ ಮನೆಯ ಮಗನೂ ಆದ. ಪಿಯುಸಿಯಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಮೇಡಂ ಈ ಕೋರ್ಸಿನ ಬಗ್ಗೆ ಹೇಳಿದಾಗ ಅಪ್ಪ ತಲೆ ಅಲ್ಲಾಡಿಸಿದ್ದ. ಭಾವ ಮಾತ್ರ, "ಹೋಗ್ಲಿ ಬಿಡಿ ಮಾವಾ, ಎಂತ ಕಲ್ಸ್ತ್ರು ಅಂತ ಆದ್ರೂ ಗೊತ್ತಾಗ್ತದೆ" ಎಂದು ನನ್ನ ಟ್ರಂಕು ಹೊತ್ತು ಕರ್ಕಿಯ ಹತ್ತಿರದ ಸ್ಟೇಷನ್ನಿನ ತನಕ ಬಂದಿದ್ದ. ಕೊಂಕಣ ರೈಲು ಬಂದು ಆಗ ಹೆಚ್ಚು ವರ್ಷವಾಗಿರಲಿಲ್ಲ. ಪ್ರತಿ ರಜೆಯಲ್ಲೂ ಭಾವ ನನ್ನನ್ನು ಕೂರಿಸಿಕೊಂಡು ಈ ಸಲ ಎಂತ ಕಲಿಸಿದರು ಎಂದು ಕೇಳುತ್ತಿದ್ದ. ಒಮ್ಮೆ ಎಲ್ಲ ಕೇಳಿ, "ಹಂಗಾರೆ ಇದು ನಾಕು ನಮೂನಿ ಬಲೆ ಒಂದೇ ಸಲ ಬಿಟ್ಟಂಗೆ. ಮೀನು ಸಿಕ್ರೆ ಆತು, ಇಲ್ದಿರೆ ಬಲೆ ಬಿಡ್ಸೂದ್ರಲ್ಲೇ ಆಯುಷ್ಯ ಹೋಯ್ತದೆ" ಎಂದಿದ್ದ. ಇದಕ್ಕಿಂತ ಸರಿಯಾಗಿ ನನ್ನ ಕೋರ್ಸನ್ನು ಅರ್ಥ ಮಾಡಿಕೊಂಡವರು ಯಾರೂ ಇಲ್ಲ.

ಮಳೆಗಾಲದ ಮೀನುಗಾರಿಕೆ ನಿಷೇಧ ಶುರುವಾಗುವ ಮುನ್ನ ಒಂದು ಕಡೆಯ ಸಲ ಎಂದು ಬೋಟು ಹೋಗಿತ್ತು. ವಾಪಸು ಬರುವಾಗ ಅಳಿವೆಯಲ್ಲಿ, ನದಿಯೂ ಸಮುದ್ರವೂ ಗುದ್ದಾಡುವ ಆ ಜಾಗದಲ್ಲಿ, ಮರಳಿನ ದಿಣ್ಣೆಗೆ ಅಡಿ ತಾಗಿ ಬೋಟು ವಾಲಿತು. ಹಿಂದಿನಿಂದ ಬಂದ ಅಲೆ ನಾಲ್ವರನ್ನು ಎತ್ತಿ ಹೊರಗೆ ಹಾಕಿತು. ಮೂವರು ಈಜಿ ದಡ ಸೇರಿದರು. ಬೋಟೂ ಉಳಿಯಿತು. ಭಾವ ಮಾತ್ರ ಕಾಣಲಿಲ್ಲ. ಮಧ್ಯಾಹ್ನದ ಹೊತ್ತು, ದಡದಲ್ಲಿ ನಿಂತವರಿಗೆಲ್ಲ ಕಾಣುವಷ್ಟು ಹತ್ತಿರ. ಅವನಷ್ಟು ಈಜು ಬಲ್ಲವರು ಕೇರಿಯಲ್ಲೇ ಇರಲಿಲ್ಲ.

ಸಮುದ್ರ ತೆಗೆದುಕೊಂಡದ್ದನ್ನು ಎಲ್ಲೋ ಒಂದು ಕಡೆ ತಂದು ಹಾಕುತ್ತದೆ ಎಂದು ನಮ್ಮವರ ಲೆಕ್ಕ. ಅಪ್ಪನ ಜೊತೆ ನಾನೂ ಹುಡುಕಲು ಹೋದೆ, ಪೊಲೀಸರ ಹತ್ತಿರ, ಆಸ್ಪತ್ರೆಯವರ ಹತ್ತಿರ ಮಾತಾಡಲು ಕಲಿತವರು ಬೇಕು ಎಂದು. ಕಾಸರಕೋಡು, ಮಂಕಿ, ಮುರ್ಡೇಶ್ವರ, ದಂಡೆಗುಂಟ ಕೇಳುತ್ತಾ ಹೋದೆವು. ಭಟ್ಕಳದ ಬಂದರದಲ್ಲಿ ಒಂದು ಹೆಣ ಬಂದಿದೆ ಎಂದು ಸುದ್ದಿ ಸಿಕ್ಕಿ ಮಳೆಯಲ್ಲೇ ಓಡಿದೆವು. ಅಪ್ಪನಿಗೆ ಹತ್ತಿರ ಹೋಗಲು ಧೈರ್ಯ ಬರಲಿಲ್ಲ. ನಾನೇ ಹೋಗಿ ನೋಡಿದೆ. ಯಾರೋ ಮುದುಕ, ಭಾವ ಅಲ್ಲ. ಬಂದರದಲ್ಲಿ ಅಂಗಡಿ ಇಟ್ಟಿದ್ದ ನವಾಯತ ಮುಸ್ಲಿಂ ಹಿರಿಯರೊಬ್ಬರು ನಮ್ಮನ್ನು ಒಳಗೆ ಕೂರಿಸಿ ಚಹಾ ಕೊಟ್ಟು, "ನಿಮ್ಮವರು ಅಲ್ವಲ್ಲ, ಅಲ್ಲಾ ದೊಡ್ಡವ" ಎಂದರು. ಅಪ್ಪ ಚಹಾ ಕುಡಿಯುತ್ತಾ ಅತ್ತ. ಹೆಣ ಭಾವನದಲ್ಲ ಎಂದು ಅತ್ತನೋ, ಭಾವ ಸಿಗಲಿಲ್ಲ ಎಂದು ಅತ್ತನೋ ನನಗೆ ಗೊತ್ತಾಗಲಿಲ್ಲ. ಕುಮಟಾ ಆಸ್ಪತ್ರೆಗೂ ಒಂದು ಸಲ ಹೀಗೇ ಹೋಗಿ ಬಂದೆವು. ವರ್ಷವಿಡೀ ನಾಲ್ಕು ಕಡೆಯಿಂದ ಮರಣವನ್ನು ಓದಿ ಬಂದವಳಿಗೆ ಶವಾಗಾರದ ಬಾಗಿಲಲ್ಲಿ ಒಂದೇ ಒಂದು ವಾಕ್ಯವೂ ನೆನಪಾಗಲಿಲ್ಲ. ಫಿನಾಯಿಲ್ ವಾಸನೆ ಬಂತು, ಅಷ್ಟೆ.

ಅಕ್ಕ ಅಳಲೇ ಇಲ್ಲ. ಗುಜರಾತಿನ ಬೋಟಿನವರು ಎತ್ತಿಕೊಂಡು ಹೋಗಿರಬಹುದು, ಮಳೆ ಕಳೆದ ಮೇಲೆ ಬಂದಾನು ಎಂದು ಯಾರೋ ಹೇಳಿದ್ದು ಅವಳಿಗೆ ಸಾಕಾಯಿತು. ಅಂಥದು ನಮ್ಮ ಕರಾವಳಿಯಲ್ಲಿ ನಡೆಯದ ಮಾತೇನಲ್ಲ. ಭಾವನ ಲುಂಗಿಗಳಿಗೆ ಮುಗ್ಗಲು ಹಿಡಿಯಬಾರದೆಂದು ಒಲೆಯ ಮೇಲಿನ ಹಗ್ಗಕ್ಕೆ ಹಾಕಿ ಹೊಗೆಯಲ್ಲಿ ಒಣಗಿಸುತ್ತಿದ್ದಳು. ಕುಂಕುಮ, ಬಳೆ, ಮಲ್ಲಿಗೆ ಯಾವುದನ್ನೂ ಬಿಡಲಿಲ್ಲ. ನಾನು ಪ್ರಬಂಧ ಬರೆಯಲು ಕೂತರೆ ಬಾಗಿಲಲ್ಲಿ ನಿಂತು ನೋಡುವಳು.

"ಎಂತ ಬರೀತೆ?"

"ಸಾವಿನ ಬಗ್ಗೆ."

"ಬರೆ. ನಮ್ಮನೇದು ಬರೀಬೇಡ. ನಮ್ಮನೇಲಿ ಯಾರೂ ಸತ್ತಿಲ್ಲೆ."

ಹೆಣ ಸಿಗದಿದ್ದರೆ ನಮ್ಮಲ್ಲಿ ಒಂದು ಕ್ರಮವಿದೆ. ದರ್ಭೆಯಲ್ಲಿ ಮನುಷ್ಯನ ಆಕಾರ ಕಟ್ಟಿ, ತಲೆಯ ಜಾಗಕ್ಕೆ ತೆಂಗಿನಕಾಯಿ ಇಟ್ಟು, ಅದನ್ನು ದಂಡೆಯಲ್ಲಿ ಸುಡುತ್ತಾರೆ. ಅಲ್ಲಿಂದ ಸೂತಕ ಶುರುವಾಗಿ, ದಿನ ಕಳೆದು, ಮನೆ ಶುದ್ಧವಾಗುತ್ತದೆ. ಸುಡುವ ತನಕ ಮನೆ ಅತ್ತಲೂ ಇಲ್ಲ, ಇತ್ತಲೂ ಇಲ್ಲ. ಶ್ರಾವಣದ ನೂಲ ಹುಣ್ಣಿಮೆಗೆ ಸಮುದ್ರಕ್ಕೆ ಕಾಯಿ ಬಿಟ್ಟು ಪೂಜೆ ಮಾಡಿದ ಮೇಲೆ ಬೋಟುಗಳು ಇಳಿಯಬೇಕು. ಇಂಥ ಮನೆಯ ಪಾಲಿರುವ ಬೋಟಿಗೆ ಪೂಜೆ ಇಲ್ಲ. ನಮ್ಮ ಬೋಟಿನ ಮೇಲೆ ಇನ್ನೆರಡು ಮನೆಗಳ ಅನ್ನ ನಿಂತಿತ್ತು. ಆದರೂ ಆಷಾಢ ಕಳೆಯುವವರೆಗೆ ಯಾರೂ ಬಾಯಿ ಬಿಡಲಿಲ್ಲ. ಅಕ್ಕನ ಹಣೆ ನೋಡಿ ಹಾಗೇ ಹಿಂದಿರುಗುತ್ತಿದ್ದರು.

ಅಷ್ಟರಲ್ಲಿ ಫಾದರ್ ಡೆನಿಸ್ ಬಂದರು. ನನ್ನ ಪ್ರಬಂಧಕ್ಕೆ ಮಾರ್ಗದರ್ಶಕರು, ಮಂಗಳೂರು ಕಡೆಯವರು. ಕುಮಟಾದಲ್ಲಿ ಯಾವುದೋ ಸಂಬಂಧಿಕರ ಮನೆಗೆ ಬಂದವರು, ನಾನು ಫೋನಿನಲ್ಲಿ ಸುದ್ದಿ ತಿಳಿಸಿದ್ದರಿಂದ, ನೋಡಿ ಹೋಗೋಣವೆಂದು ತಾರಿ ದೋಣಿ ಹತ್ತಿ ಬಂದುಬಿಟ್ಟರು. ಬಿಳಿ ನಿಲುವಂಗಿಗೆ ಮೊಳಕಾಲ ತನಕ ಕೆಸರು. ನಮ್ಮ ಆಯಿ, ಎಂದರೆ ಅಮ್ಮ, ಗಾಬರಿಯಾಗಿ ಒಳಗಿನ ಒಳ್ಳೆಯ ಚಾಪೆ ಹಾಸಿದಳು. ಪಾದ್ರಿಗಳನ್ನು ನಾವು ಹೊನ್ನಾವರದ ಪೇಟೆಯಲ್ಲಿ ಕಂಡವರೇ, ಆದರೆ ಮನೆಗೆ ಬಂದದ್ದು ಅದೇ ಮೊದಲು.

ವೈವಾದ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಅಕ್ಕನೇ ಅವರ ಎದುರು ಬಂದು ಕೂತಳು.

"ನಿಮ್ಮಲ್ಲಿ ಹೆಣ ಸಿಗದಿದ್ರೆ ಎಂತ ಮಾಡ್ತ್ರಿ?"

"ಇಗರ್ಜಿಯಲ್ಲಿ ಅವರ ಹೆಸರು ಹೇಳಿ ಪೂಜೆ ಮಾಡ್ತೇವೆ ಅಮ್ಮ. ಪೆಟ್ಟಿಗೆ ಇಲ್ಲದೆ."

"ಹೆಂಡ್ತಿ ಬೇಡ ಅಂದ್ರೆ?"

"ಹಾಗಾದರೆ ಕಾಯ್ತೇವೆ. ಅವಳು ಹೇಳುವ ತನಕ."

ಅಕ್ಕನ ಮುಖದಲ್ಲಿ ಅಷ್ಟು ದಿನ ಕಾಣದ ಒಂದು ಗೆಲುವು ಬಂತು. ಅವರು ಹೊರಟಾಗ ಅಂಗಳದ ತನಕ ಹೋಗಿ, ಹಿರಿಯರು ಮನೆಗೆ ಬಂದರೆ ಮಾಡುವ ಹಾಗೆ, ಬಗ್ಗಿ ಕಾಲಿಗೆ ಬಿದ್ದಳು. ಅವರು ತಲೆಯ ಮೇಲೆ ಕೈ ಇಟ್ಟು ಏನೋ ಪ್ರಾರ್ಥನೆ ಹೇಳಿದರು. ಅದು ಮಾಡಿನ ಅಂಚು. ಹೆಂಚಿನಿಂದ ಮಳೆನೀರು ಧಾರೆಯಾಗಿ ಅಕ್ಕನ ನೆತ್ತಿಗೆ ಬೀಳುತ್ತಿತ್ತು. ನಮಗೆ ಅದು ಮಳೆ ನೀರು. ಎದುರು ಮನೆಯ ಜಗಲಿಯಲ್ಲಿ ಕೂತು ನೋಡುತ್ತಿದ್ದವರಿಗೆ ಬೇರೆ ಏನೋ ಆಯಿತು. ಸಂಜೆಯೊಳಗೆ ಇಡೀ ಕೇರಿಗೆ ಸುದ್ದಿ. ಸುಮಿತ್ರಂಗೆ ಪಾದ್ರಿ ನೀರು ಹಾಕಿ ಅವರ ಜಾತಿಗೆ ಸೇರಿಸಿದ. ತಂಗಿಗೆ ಕಾಲೇಜಿನಲ್ಲಿ ಮೊದಲೇ ಆಗಿದೆ. ಅದಕ್ಕೇ ಗಂಡನ ಕ್ರಿಯೆ ಬೇಡ ಅನ್ನುತ್ತಾಳೆ.

ಭಟ್ಕಳದ ಕಡೆ ಗಲಾಟೆಗಳಾಗಿ ಜನ ಒಬ್ಬರನ್ನೊಬ್ಬರು ಓರೆಗಣ್ಣಿನಲ್ಲಿ ನೋಡುತ್ತಿದ್ದ ಕಾಲ. ಈಗ ನಗು ಬರುವ ಮಾತಿಗೆ ಆಗ ಯಾರೂ ನಗಲಿಲ್ಲ. ನೀರು ಸೇದಲು ಹೋದ ಆಯಿಯನ್ನು ಬಾವಿಕಟ್ಟೆಯಲ್ಲಿ ಯಾರೂ ಮಾತಾಡಿಸಲಿಲ್ಲ. ನಾನು ಹೋಗಿ ಕೂಗಾಡಿ ಬಂದೆ. ಮಳೆಗೆ ಜಾತಿ ಕೇಳುತ್ತೀರಾ ಎಂದು ರೇಗಿದೆ. ಅದರಿಂದ ಆದದ್ದು ಇಷ್ಟೇ, ಮಾತು ಇನ್ನೂ ಗಟ್ಟಿಯಾಯಿತು. ಕಲಿತವಳ ಬಾಯಿ ನೋಡಿ ಎಂದರು.

ಕೇರಿಯ ಹಿರಿಯ ದುರ್ಗಜ್ಜ ಒಂದು ಬೆಳಿಗ್ಗೆ ಕೊಡೆ ಮಡಚಿ ಜಗಲಿಯಲ್ಲಿ ಕೂತ. ಕೆಟ್ಟವನಲ್ಲ. ಭಾವನಿಗೆ ಬಲೆ ಹೆಣೆಯಲು ಕಲಿಸಿದವನೇ ಅವನು. ಎಲೆಯಡಿಕೆ ಕವಳ ಹಾಕಿ ಅಪ್ಪನಿಗೆ ಹೇಳಿದ.

"ನಾ ನಂಬೂದಿಲ್ಲ ಮಾರಾಯಾ. ನಾ ನಂಬದಿದ್ರೆ ಆತಾ? ಹುಣ್ಣಿಮೆ ಬಂತು. ಮಂಜನ ಕೆಲ್ಸ ಮುಗ್ಸು. ಮತ್ತೆ ಈ ಹುಡ್ಗಿ ಆ ಪಾದ್ರಿಗಳ ಶಾಲೆಗೆ ಹೋಗೂದು ಸಾಕು. ಅದು ಇಲ್ಲೇ ಇದ್ರೆ ಜನ ಬಾಯಿ ಮುಚ್ತ್ರು."

ಅಪ್ಪ, "ಆತು" ಎಂದ. ಒಂದೇ ಮಾತು. ಅಪ್ಪ ಆ ಮಳೆಗಾಲದಲ್ಲಿ ಅರ್ಧಕ್ಕರ್ಧ ಇಳಿದು ಹೋಗಿದ್ದ, ಅವನ ಜೊತೆ ಜಗಳವಾಡಲೂ ಮನಸ್ಸು ಬರುತ್ತಿರಲಿಲ್ಲ. ಆದರೂ ನನ್ನ ಮೈಯೆಲ್ಲ ಉರಿಯಿತು. ಬಾಯಿ ತೆರೆಯುವಷ್ಟರಲ್ಲಿ ಅಕ್ಕ ಒಳಗಿಂದ ಬಂದಳು. ಮೀನು ಕೊಯ್ಯುತ್ತಿದ್ದವಳು, ಕೈ ತೊಳೆದಿರಲಿಲ್ಲ.

"ಅಜ್ಜಾ, ಎರಡೂ ಆಗೂಕಿಲ್ಲ," ಎಂದಳು. "ಒಂದು ಕೊಡ್ತೆ. ಗೊಂಬೆ ಸುಡ್ರಿ. ನಾ ಎದುರಿಗೆ ಕೂತ್ಕಂತೆ, ಎಂತ ತೆಗೀಬೇಕೋ ತೆಗ್ದು ಕೊಡ್ತೆ. ತಂಗಿ ಪರೀಕ್ಷೆಗೆ ಹೋಗ್ಬೇಕು. ಅದು ಹೋಗೂದಿಲ್ಲ ಅಂದ್ರೆ ನಾನೂ ಕೂರೂದಿಲ್ಲ."

ದುರ್ಗಜ್ಜ ಅವಳ ಮುಖ ನೋಡಿದ. ಆಮೇಲೆ ಕವಳ ಉಗಿದು ಬಂದು, "ಹೋಗ್ಲಿ. ಕ್ರಿಯೆ ಆದ್ರೆ ಕೇರಿಗೆ ನಾ ಹೇಳ್ತೆ" ಎಂದ.

ನಾನು ಒಳಗೆ ಹೋಗಿ ಅಕ್ಕನ ಕೈ ಹಿಡಿದು, ನನಗೆ ಈ ಪದವಿ ಬೇಡ, ನೀನು ಕಾಯಿ, ಎಷ್ಟು ದಿನ ಬೇಕಾದರೂ ಕಾಯಿ ಎಂದೆ. ನಿಜವಾಗಿಯೇ ಬೇಡವಾಗಿತ್ತು. ಅವಳು ಕೈ ಕೊಡವಿಕೊಂಡಳು. "ನಿನ್ನ ಟ್ರಂಕು ಹೊತ್ತದ್ದು ಯಾರು? ಅವ್ರು ಬಂದ್ ಕೇಳಿದ್ರೆ ನಾ ಎಂತ ಹೇಳೂದು?" ಅಂದಳು. ಬಂದು ಕೇಳಿದರೆ! ಬಿಟ್ಟುಕೊಡುವ ಮಾತಾಡಿದ ಉಸಿರಿನಲ್ಲೇ ಬರುವ ಮಾತೂ ಇತ್ತು.

ಕರ್ಕಿಯಿಂದ ಭಟ್ಟರು ಬಂದು ದಂಡೆಯಲ್ಲಿ ಗೊಂಬೆ ಕಟ್ಟಿದರು. ಆವತ್ತು ಮಳೆ ಹೊಳವಾಗಿತ್ತು, ಗಾಳಿ ಮಾತ್ರ ಜೋರು. ಹಸಿರು ಆರದ ದರ್ಭೆ, ಸಿಪ್ಪೆ ಸುಲಿದ ಕಾಯಿ, ಮೇಲೆ ಹೊದಿಸಲು ಹೊಗೆಯಲ್ಲಿ ಒಣಗಿಸಿದ ಆ ಲುಂಗಿಗಳಲ್ಲೊಂದು. ಮಲಗಿಸಿದ ಮೇಲೆ ಅಕ್ಕ ಎದ್ದು ಹತ್ತಿರ ಹೋದಳು. ಎಲ್ಲರೂ ಈಗ ಕೂಗುತ್ತಾಳೆ ಎಂದುಕೊಂಡರು. ಅವಳು ಭಟ್ಟರಿಗೆ, "ಅವ್ರು ಅಂಗಾತ ಮಲಗೂಕಿಲ್ಲ. ಬಲ ಮಗ್ಗುಲಾಗಿ ಮಲಗೂದು" ಎಂದಳು. ಭಟ್ಟರು ದುರ್ಗಜ್ಜನ ಮುಖ ನೋಡಿದರು. ಶಾಸ್ತ್ರಕ್ಕೆ ಸರಿಯೋ ಅಲ್ಲವೋ, ಭಟ್ಟರೇ ಬಗ್ಗಿ ಮೆಲ್ಲಗೆ ಗೊಂಬೆಯನ್ನು ಬಲಕ್ಕೆ ತಿರುಗಿಸಿ, ಬೀಳದಂತೆ ಬೆನ್ನಿಗೆ ಮರಳು ಒತ್ತಿದರು. ಅಪ್ಪ ಬೆಂಕಿ ಇಟ್ಟ. ಹಸಿ ದರ್ಭೆ ಬೇಗ ಹತ್ತದೆ ಹೊಗೆ ನೆಲದ ಮೇಲೇ ಹರಿದು ನಮ್ಮೆಲ್ಲರ ಕಣ್ಣಿಗೆ ಬಂತು. ನಾವೆಲ್ಲ ಕಣ್ಣೊರೆಸಿಕೊಂಡೆವು. ಅಕ್ಕ ಒರೆಸಿಕೊಳ್ಳಲಿಲ್ಲ. ಬಳೆ ಒಡೆಯುವಾಗ ಕೈಯನ್ನು ತಾನೇ ಮುಂದೆ ಚಾಚಿದಳು.

ಸೂತಕ ಕಳೆದು, ಹುಣ್ಣಿಮೆಯ ದಿನ ನಮ್ಮ ಬೋಟಿಗೂ ಪೂಜೆಯಾಯಿತು. ಅದಾದ ವಾರದೊಳಗೆ ನಾನು ರೈಲು ಹತ್ತಿದೆ.

ವೈವಾ ನಡೆದದ್ದು ಚ್ಯಾಪೆಲ್ಲಿನ ಪಕ್ಕದ ಉದ್ದ ಕೋಣೆಯಲ್ಲಿ. ಇತಿಹಾಸದವರು ಕೇಳಿದರು, ಸಾಹಿತ್ಯದವರು ಕೇಳಿದರು. ಹೇಳಿದೆ. ತತ್ತ್ವಶಾಸ್ತ್ರದ ಅಧ್ಯಾಪಕರು ಕನ್ನಡಕ ತೆಗೆದು, "ಒಬ್ಬ ಮನುಷ್ಯ ಸತ್ತಿದ್ದಾನೆ ಎಂದು ತೀರ್ಮಾನಿಸುವ ಹಕ್ಕು ಯಾರದು?" ಎಂದು ಕೇಳಿದರು. ನನ್ನ ಪ್ರಬಂಧದಲ್ಲಿ ನಮ್ಮ ಮನೆಯ ಒಂದಕ್ಷರವೂ ಇರಲಿಲ್ಲ, ಅಕ್ಕನ ಮಾತು ನಡೆಸಿದ್ದೆ. ಅವರಿಗೆ ಏನೂ ತಿಳಿದಿರಲಿಲ್ಲ. ಫಾದರ್ ಡೆನಿಸ್ ಮಾತ್ರ ತಲೆ ತಗ್ಗಿಸಿದರು. "ಹಕ್ಕು ಹೆಂಡತಿಯದು," ಎಂದೆ. "ಆದರೆ ಅವಳ ಹತ್ತಿರ ಅದನ್ನು ಇರಗೊಡುವುದಿಲ್ಲ. ಯಾವುದಾದರೂ ಒಂದಕ್ಕೆ ಬದಲಾಗಿ ಅವಳಿಂದ ಇಸಿದುಕೊಳ್ಳುತ್ತಾರೆ." ಒಳ್ಳೆಯ ಉತ್ತರ ಎಂದು ಆಮೇಲೆ ಒಬ್ಬರು ಬೆನ್ನು ತಟ್ಟಿದರು. ಆ ಕೈಯನ್ನು ತಳ್ಳಿಬಿಡಬೇಕು ಅನ್ನಿಸಿತು.

ಮೊದಲ ದರ್ಜೆಯಲ್ಲಿ ಪಾಸಾಗಿ ಊರಿಗೆ ಬಂದೆ. ಆಯಿ ತಾರಿ ಕಟ್ಟೆಗೇ ಬಂದು ನಿಂತಿದ್ದಳು. ಸುದ್ದಿ ಕೇಳಿದ್ದೇ ತಡ, ಹಾದಿಯಲ್ಲಿ ಸಿಕ್ಕವರಿಗೆಲ್ಲ, ಮೊನ್ನೆ ಮೊನ್ನೆ ಮಾತು ಬಿಟ್ಟವರಿಗೂ, ಹೇಳಿಕೊಂಡೇ ಮನೆಗೆ ಬಂದಳು. ಅಕ್ಕ ಹಿತ್ತಿಲಲ್ಲಿ ಮೀನು ಒಣಗಲು ಹಾಕುತ್ತಿದ್ದಳು. ಬರಿ ಹಣೆ, ಬರಿ ಕೈ. ಆ ಕೋಲದಲ್ಲಿ ಅವಳನ್ನು ಕಾಣುವುದು ನನಗಿನ್ನೂ ರೂಢಿಯಾಗಿರಲಿಲ್ಲ.

"ಪಾಸಾ?" ಎಂದಳು, ತಲೆ ಎತ್ತದೆ.

"ಹೌದೆ ಅಕ್ಕಾ. ಪಾಸು."

ಅವಳ ಕೈ ಚಾಪೆಯ ಮೇಲೆ ಹಾಗೇ ನಿಂತಿತು. ಆಮೇಲೆ ಅವಳ ಹೊಟ್ಟೆಯೊಳಗಿಂದ ಒಂದು ದನಿ ಹೊರಟಿತು. ಬೋಟು ವಾಲಿದ ದಿನ ಬರದ ದನಿ, ದಂಡೆಯಲ್ಲಿ ಬೆಂಕಿ ಹತ್ತಿದಾಗಲೂ ಬರದ ದನಿ. ಮೀನಿನ ಚಾಪೆಯ ಮೇಲೆಯೇ ಕುಸಿದು ಕೂತು ಗೋಳೋ ಎಂದು ಅತ್ತಳು. ಒಳಗಿಂದ ಸಕ್ಕರೆ ಡಬ್ಬಿ ಹಿಡಿದು ಬಂದ ಆಯಿ ಅದನ್ನು ಸಂತೋಷ ಎಂದು ತಿಳಿದಳು. "ಅಳ್ಲಿ ಬಿಡು, ಇಷ್ಟು ದಿನ ತಡೆದದ್ದು" ಎಂದು ನನ್ನ ಬಾಯಿಗೂ ಸಕ್ಕರೆ ಹಾಕಿ, ಎದುರು ಮನೆಗೆ ಕೊಡಲು ಹೋದಳು. ನಾನು ಅಕ್ಕನನ್ನು ತಬ್ಬಿಕೊಂಡೆ. ಅವಳು ನನ್ನ ಹೆಗಲಲ್ಲಿ ಮುಖ ಇಟ್ಟು, ಉಸಿರು ಸಿಕ್ಕ ಸಿಕ್ಕಲ್ಲಿ ಹೇಳಿದಳು:

"ನೀ ನಪಾಸಾಗ್ಲಿ ಅಂತ ದಿನಾ ಬೇಡ್ಕಂತಿದ್ದೆ ತಂಗಿ. ನೀ ನಪಾಸಾದ್ರೆ ನಾ ಕೊಟ್ಟದ್ದಕ್ಕೆ ಬದ್ಲು ಸಿಗ್ಲಿಲ್ಲ ಅಂತಾಗಿ ಕರಾರು ಮುರೀತಿತ್ತು. ಅವ್ರು ಬರೂಕೆ ಒಂದು ದಾರಿ ಇರ್ತಿತ್ತು."